ಎಮ್ಮೆ ಕೊಂಬಿನ ಹಿಡಿ ಎದ್ದಿದೆ, ಅಲಗಿನ ಒಂದೇ ಬದಿಗೆ ತುಕ್ಕು. ಏನು ಮಾಡಲಿ?

ಕೋಡಿಬಾಗ_ಕಡಲು (ಜುಲೈ 14)
ತಲೆ ಕೆಟ್ಟು ಹೋಗಿದೆ. ಹೇಳಿ ಮಾಡಿಸಿದ ಚಾಕು, ನಾಲ್ಕು ತಿಂಗಳು ಕಾದು ತರಿಸಿದ್ದು. ಕರಿ ಎಮ್ಮೆ ಕೊಂಬಿನ ಹಿಡಿ, ಮೂರು ಹಿತ್ತಾಳೆ ಮೊಳೆ. ಏಪ್ರಿಲ್‌ನಲ್ಲಿ ಕೈಗೆ ಬಂದಾಗ ಹಿಡಿಯ ಮೇಲೆ ಬೆರಳಾಡಿಸಿದರೆ ಕೊಂಬು ಎಲ್ಲಿ ಮುಗಿಯಿತು, ಉಕ್ಕು ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ಈಗ ಉಗುರು ತಡೆಯುತ್ತದೆ. ಎಡಗಡೆ, ಅಲಗಿನ ಹತ್ತಿರದ ಮೂಲೆಯಲ್ಲಿ ಕಾಗದ ತೂರುವಷ್ಟು ಸಂದು ಬಿಟ್ಟಿದೆ. ಮೊಳೆಯ ಸುತ್ತ ಹಸಿರು ಮೇಣದ ಹಾಗೆ ಏನೋ ಕೂತಿದೆ. ಅಲಗಿನ ಬಲಬದಿಗೆ ಮಾತ್ರ ಕಂದು ಚುಕ್ಕಿ. ಇಷ್ಟು ದುಡ್ಡು ಕೊಟ್ಟ ಸ್ಟೀಲ್‌ಗೆ ತುಕ್ಕು ಹಿಡಿಯುತ್ತದಾ? ಮಾಡಿಕೊಟ್ಟವರಿಗೆ ಎರಡು ಸಲ ಫೋಟೋ ಕಳಿಸಿದೆ. "ನಮ್ಮಲ್ಲಿ ಯಾವತ್ತೂ ಹೀಗಾಗಿಲ್ಲ" ಅಂದು ಸುಮ್ಮನಾದರು. ನಾನು ಚೆನ್ನಾಗಿಯೇ ನೋಡಿಕೊಂಡಿದ್ದೇನೆ.

ಕುಲುಮೆ_ಕೆಲಸ
ಅಂಟು. ಬೇರೆ ಏನೂ ಅಲ್ಲ. ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಹಾಕಿರುತ್ತಾರೆ, ಅದು ನೀರಿಗೆ ನಿಲ್ಲುವುದಿಲ್ಲ. ಮೊಳೆ ಕೊರೆದು ತೆಗೆಯಿರಿ, ಕೊಂಬು ಬಿಚ್ಚಿ, ಒಳಗಿನ ಉಕ್ಕನ್ನು 80ರ ಮರಳುಕಾಗದದಲ್ಲಿ ಗೀರಿ, 24 ಗಂಟೆಯ ಎಪಾಕ್ಸಿಯಲ್ಲಿ ಮತ್ತೆ ಕೂರಿಸಿ.

ಮೆಟ್ಟುಗತ್ತಿ_ಶಿರಸಿ
ತಡೀರಿ ಮಾರಾಯ್ರೇ, ಬಿಚ್ಚುವ ಮಾತು ಈಗಲೇ ಬೇಡ. ಉಕ್ಕು ಯಾವುದು?

ಕೋಡಿಬಾಗ_ಕಡಲು
52100 ಅಂದಿದ್ದರು. ಅದು ಒಳ್ಳೆಯದೇ ಅಲ್ವಾ?

ಮೆಟ್ಟುಗತ್ತಿ_ಶಿರಸಿ
ಒಳ್ಳೆಯದೇ. ಆದರೆ ಅದು ಬೇರಿಂಗ್ ಉಕ್ಕು. ಕಾರ್ಬನ್ ಸುಮಾರು 1 ಶೇಕಡಾ, ಕ್ರೋಮಿಯಂ ಸುಮಾರು 1.5 ಶೇಕಡಾ. ತುಕ್ಕು ತಡೆಯಬೇಕಾದರೆ ಕ್ರೋಮಿಯಂ 12–13 ಆದರೂ ಇರಬೇಕು. ಅದಕ್ಕೆ ಇದು ಸ್ಟೇನ್‌ಲೆಸ್ ಅಲ್ಲ. ನಿಮ್ಮ ಕಡಲ ಗಾಳಿಯಲ್ಲಿ ಉಪ್ಪಿದೆ, ಜುಲೈ ತಿಂಗಳು ಬೇರೆ. ಕಂದು ಬರುವುದು ಸಹಜ. ಆದರೆ ಒಂದೇ ಬದಿಗೆ ಯಾಕೆ ಬಂತು ಅನ್ನುವುದೇ ನನ್ನನ್ನು ಕೊರೆಯುತ್ತಿದೆ. ಒರೆ ಯಾವುದರದ್ದು?

ಹೊನ್ನಾವರ_ಸಾಣೆ
ನನ್ನ ಹತ್ತಿರ 52100ದ್ದೇ ಎರಡು ಇವೆ. 1000, 3000, 6000 ಮೂರು ನೀರುಗಲ್ಲಿನ ಮೇಲೆ ಮಸೆದು, ಕೊನೆಗೆ ಚರ್ಮದ ಪಟ್ಟಿಗೆ ಎಳೆಯುತ್ತೇನೆ. ಟೊಮೇಟೊವನ್ನು ಕೈಯಲ್ಲಿ ಹಿಡಿಯದೆ, ಮಣೆ ಮೇಲೆ ಸುಮ್ನೆ ಇಟ್ಟು ಅಡ್ಡಡ್ಡ ಸೀಳಬಹುದು. ಕಲ್ಲು ಇಡಲು ಹಲಸಿನ ಹಲಗೆಯಲ್ಲಿ ತೊಟ್ಟಿಯನ್ನೂ ಮಾಡಿಸಿದ್ದೇನೆ. ಜಿಂಕೆ ಕೊಂಬಿನ ಹಿಡಿ ಸಿಕ್ಕರೆ ಇನ್ನೊಂದು ಮಾಡಿಸಬೇಕು ಅಂತಿದೆ.

ಯಾಣ_ದಾರಿ
ಅಣ್ಣಾ, ಜಿಂಕೆ ಕೊಂಬಿನ ಸಹವಾಸ ಬೇಡ. 1972ರ ವನ್ಯಜೀವಿ ಕಾಯ್ದೆ ಇದೆ. ಕಾಡಲ್ಲಿ ಉದುರಿ ಬಿದ್ದದ್ದನ್ನೂ ಮಾರುವ, ಕೊಳ್ಳುವ ಹಾಗಿಲ್ಲ. ಸಾಕಿದ ಎಮ್ಮೆಯ ಕೊಂಬಿಗೆ ಆ ತೊಂದರೆ ಇಲ್ಲ.
ಚಾಕಿನ ವಿಷಯಕ್ಕೆ ಬಂದರೆ, ಹಿತ್ತಾಳೆಯ ಹಸಿರು ಅಂದರೆ ಕಿಲುಬು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೋಗುತ್ತದೆ.

ಮೆಟ್ಟುಗತ್ತಿ_ಶಿರಸಿ
ದಯವಿಟ್ಟು ಹುಣಸೆಹಣ್ಣು ಬೇಡ! ದೇವರ ದೀಪಕ್ಕೆ ಸರಿ. ಇಲ್ಲಿ ಹುಳಿ ಅಲಗಿಗೆ ತಾಗಿದರೆ ಕಪ್ಪು ಕಲೆ, ಸಂದಿಗೆ ಇಳಿದರೆ ಒಳಗಿಂದ ತುಕ್ಕು. ಹಲ್ಲುಕಡ್ಡಿಯಲ್ಲಿ ಕೆರೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಯಾಣ_ದಾರಿ
ಒಪ್ಪಿದೆ ಭಾವ. ಎಣ್ಣೆ ಅಂದರೆ ಕೊಬ್ಬರಿ ಎಣ್ಣೆಯೇ ತಾನೆ?

ಹೊನ್ನಾವರ_ಸಾಣೆ
ಕೊಬ್ಬರಿ ಎಣ್ಣೆ ಬೇಡ, ಕನರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ. ವಾಸನೆ ಇಲ್ಲ, ಅಂಟುವುದಿಲ್ಲ.

ಯಾಣ_ದಾರಿ
ನಮ್ಮ ಅಜ್ಜಿಯ ಮೆಟ್ಟುಗತ್ತಿಗೆ ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಸೋಕಿಲ್ಲ. ಅಡಿಕೆ ಸುಲಿದ ಕತ್ತಿ ಅದು, ಇವತ್ತಿಗೂ ಹೊಳೆಯುತ್ತದೆ.

ಹೊನ್ನಾವರ_ಸಾಣೆ
ದಿನಾ ಕೈಯಾಡುವ ಕತ್ತಿಗೆ ಏನು ಹಚ್ಚಿದರೂ ನಡೆಯುತ್ತದೆ. ತಿಂಗಳುಗಟ್ಟಲೆ ಕೂತ ಚಾಕಿನ ಮಾತು ಬೇರೆ.

ಕುಲುಮೆ_ಕೆಲಸ
ಎಣ್ಣೆ ಜಗಳ ಸಾಕು. ಹಿಡಿ ಎದ್ದದ್ದು ಅಂಟಿನಿಂದ. ಬಿಚ್ಚಿದರೆ ನೀವೇ ನೋಡುತ್ತೀರಿ.

ಗುಡಿಗಾರ_ಕೇರಿ
ನಾನು ಚಾಕು ಮಾಡುವವನಲ್ಲ, ಕೊಂಬು ಮತ್ತು ಮರದ ಕೆತ್ತನೆ ನೋಡುತ್ತಾ ಬೆಳೆದವನು. ಒಂದೇ ಪ್ರಶ್ನೆ. ಚಾಕನ್ನು ಹೇಗೆ ತೊಳೆಯುತ್ತೀರಿ? ಎಲ್ಲಿ ಇಡುತ್ತೀರಿ?

ಕೋಡಿಬಾಗ_ಕಡಲು
ಎಲ್ಲರೂ ಮಾಡುವ ಹಾಗೆಯೇ. ಬಂಗುಡೆ ಕೊಯ್ದ ಮೇಲೆ ಜಿಡ್ಡು ಹೋಗಲಿ ಅಂತ ಕುದಿದ ನೀರಿಗೆ ಸೋಪು ಹಾಕಿ ಸ್ವಲ್ಪ ಹೊತ್ತು ಮುಳುಗಿಸಿಡುತ್ತೇನೆ. ಆಮೇಲೆ ಒರೆಸಿ, ಅದರ ಜೊತೆ ಬಂದ ಚರ್ಮದ ಒರೆಗೆ ಹಾಕಿ, ಅಡುಗೆಮನೆ ಕಿಟಕಿ ಪಕ್ಕದ ಮೊಳೆಗೆ ತೂಗುಹಾಕುತ್ತೇನೆ. ಕಿಟಕಿ ಕಾಳಿ ನದಿಯ ಕಡೆಗಿದೆ, ಗಾಳಿ ಚೆನ್ನಾಗಿ ಬರುತ್ತದೆ.

ಗುಡಿಗಾರ_ಕೇರಿ
ಇದನ್ನು ಮೊದಲೇ ಹೇಳಬೇಕಿತ್ತು ತಮ್ಮಾ.
ಕೊಂಬು ಹುಟ್ಟುವುದೇ ಬಾಗಿಕೊಂಡು. ಹಿಡಿಗೆ ಬೇಕಾದ ಚಪ್ಪಟೆ ಹಲಗೆ ಮಾಡಲು ಅದನ್ನು ಕಾಯಿಸಿ, ಮೆತ್ತಗಾದಾಗ ಒತ್ತಿ ನೆಟ್ಟಗೆ ಮಾಡುತ್ತಾರೆ. ಮತ್ತೆ ಬಿಸಿ ತಾಗಿದರೆ ಅದು ಹಳೆಯ ಬಾಗಿಗೆ ತಿರುಗಲು ನೋಡುತ್ತದೆ. ನಿಮ್ಮ ಮೂಲೆ ಎದ್ದದ್ದು ಹಾಗೆ. ಇನ್ನು ಸುತ್ತಲೂ ಉಗುರು ತಡೆಯುವುದು ಬೇರೆ ಕತೆ. ನಮ್ಮ ಉಗುರು, ಕೂದಲು ಯಾವುದೋ, ಕೊಂಬೂ ಅದೇ. ಮಳೆಗಾಲದ ತೇವ ಕುಡಿದು ಉಬ್ಬಿದೆ, ಉಕ್ಕು ಉಬ್ಬುವುದಿಲ್ಲ. ಸಮ ಮಾಡುತ್ತೇನೆ ಅಂತ ಈಗ ಮರಳುಕಾಗದದಲ್ಲಿ ಉಜ್ಜಿದಿರೋ, ಬೇಸಿಗೆಯಲ್ಲಿ ಕೊಂಬು ಕುಗ್ಗಿ ಉಕ್ಕು ಹೊರಗೆ ನಿಲ್ಲುತ್ತದೆ. ಆಮೇಲೆ ಅದಕ್ಕೆ ಮದ್ದಿಲ್ಲ.

ಮೆಟ್ಟುಗತ್ತಿ_ಶಿರಸಿ
ಈಗ ಒಂದೇ ಬದಿಯ ತುಕ್ಕೂ ಅರ್ಥವಾಯಿತು. ಒರೆಯಲ್ಲಿ ಅಲಗಿನ ಬಲಬದಿ ಚರ್ಮಕ್ಕೆ ಒತ್ತಿಕೊಂಡಿರುತ್ತದೆ. ಚರ್ಮ ತೇವ ಹಿಡಿದಿಡುತ್ತದೆ, ಹದ ಮಾಡಿದ ಹುಳಿಯೂ ಅದರಲ್ಲಿ ಉಳಿದಿರಬಹುದು. ಹಿತ್ತಾಳೆಯ ಮೇಣದಂಥ ಕಿಲುಬೂ ಚರ್ಮದ ಜಿಡ್ಡಿನಿಂದಲೇ. ಒರೆ ಇರುವುದು ಒಯ್ಯುವುದಕ್ಕೆ, ಇಡುವುದಕ್ಕಲ್ಲ.

ಕೋಡಿಬಾಗ_ಕಡಲು
ಒರೆಯಲ್ಲಿ ಇಟ್ಟರೆ ಸುರಕ್ಷಿತ ಅಂದುಕೊಂಡಿದ್ದೆ. ಜೊತೆಗೆ ಕೊಟ್ಟಾಗ ಯಾರೂ ಒಂದು ಮಾತು ಹೇಳಲಿಲ್ಲ. ತುಂಬ ಬೇಜಾರಾಗಿದೆ.

ಕುಲುಮೆ_ಕೆಲಸ
ಕುದಿದ ನೀರು ಅಂದಿರಲ್ಲ, ನನ್ನ ಮಾತೂ ಅಲ್ಲೇ ಇದೆ. ಮನೆಯಲ್ಲೇ ಗಟ್ಟಿಯಾಗುವ ಎಪಾಕ್ಸಿ 60 ಡಿಗ್ರಿಯ ಆಸುಪಾಸಿಗೇ ಮೆತ್ತಗಾಗುತ್ತದೆ. ಕೊಂಬು ಎಳೆಯಿತು ಸರಿ, ಆದರೆ ಬಿಟ್ಟುಕೊಟ್ಟದ್ದು ಅಂಟು.

ಗುಡಿಗಾರ_ಕೇರಿ
ಅದು ನಿಜ, ಒಪ್ಪುತ್ತೇನೆ. ಆದರೂ ಮಳೆಗಾಲದಲ್ಲಿ ಬಿಚ್ಚಬೇಡಿ. ಉಬ್ಬಿದ ಕೊಂಬನ್ನು ಈಗ ಕೂರಿಸಿದರೆ ಒಣಗುವಾಗ ಮೊಳೆಯ ತೂತಿನಿಂದ ಸೀಳುತ್ತದೆ. ನಿಧಾನ ಒಣಗಿಸಿ. ಒಲೆಯ ಮೇಲಿನ ಅಟ್ಟವೂ ಬೇಡ, ಬಿಸಿಲೂ ಬೇಡ. ಮುಚ್ಚಳದ ಡಬ್ಬಿಯಲ್ಲಿ ಹತ್ತಿ ಬಟ್ಟೆ ಸುತ್ತಿ ಇಡಿ. ಸಿಲಿಕಾ ಜೆಲ್ ಒಂದು ಚಿಕ್ಕ ಪೊಟ್ಟಣ ಸಾಕು, ಜಾಸ್ತಿ ಹಾಕಿದರೆ ಒಮ್ಮೆಲೇ ಒಣಗಿ ಬಿರಿಯುತ್ತದೆ. ವರ್ನಿಯರ್ ಇದ್ದರೆ ವಾರಕ್ಕೊಮ್ಮೆ ದಪ್ಪ ಅಳೆದು ಬರೆದಿಡಿ.

ಮೆಟ್ಟುಗತ್ತಿ_ಶಿರಸಿ
ತುಕ್ಕಿಗೆ ಜರಡಿ ಹಿಡಿದ ಒಲೆಬೂದಿಯನ್ನು ಎಣ್ಣೆಯಲ್ಲಿ ಕಲಸಿ, ಬಾಟಲಿಯ ಬಿರಡೆಯಿಂದ ಅಲಗಿನ ಉದ್ದಕ್ಕೇ ಉಜ್ಜಿ. ಅಡ್ಡ ಉಜ್ಜಬೇಡಿ, ಗೀರು ಕಾಣುತ್ತದೆ. ಹಿಡಿಗೆ ಜೇನುಮೇಣ ತೆಳ್ಳಗೆ ಹಚ್ಚಿ ತಿಕ್ಕಿ. ಶಿರಸಿ ಕಡೆ ಯಾರಾದರೂ ಬರುವವರಿದ್ದರೆ ಹೇಳಿ, ನಾನೇ ಒಂದು ಉಂಡೆ ಕಳಿಸುತ್ತೇನೆ.

ಕೋಡಿಬಾಗ_ಕಡಲು (ಆಗಸ್ಟ್ 9)
ಮೂರು ವಾರವಾಯಿತು. ಕಂದು ಚುಕ್ಕಿ ಹೋದವು, ಎರಡು ಕಡೆ ಸೂಜಿಮೊನೆಯಷ್ಟು ಕುಳಿ ಉಳಿದಿದೆ. ಹಿಡಿಯ ದಪ್ಪ 19.6 ಇತ್ತು, ಈಗ 19.3 ಮಿಲಿಮೀಟರ್. ಕಣ್ಣುಮುಚ್ಚಿ ಬೆರಳಾಡಿಸಿದೆ. ಹಿಂಭಾಗದಲ್ಲಿ ತಡೆಯುವುದಿಲ್ಲ, ಮಧ್ಯದ ಮೊಳೆಯಿಂದ ಮುಂದೆ ಇನ್ನೂ ತಡೆಯುತ್ತದೆ. ಮೂಲೆಯ ಸಂದು ಮಾತ್ರ ಹಾಗೆಯೇ ಇದೆ. ಕಾಗದ ಇನ್ನೂ ತೂರುತ್ತದೆ. ಮೀನಿಗೆ ಸದ್ಯ ಅಮ್ಮನ ಹಳೇ ಚೂರಿ. ಡಿಸೆಂಬರ್ ತನಕ ಕಾಯುತ್ತೇನೆ.

ಕುಲುಮೆ_ಕೆಲಸ
ಆ ಮೂಲೆ ತಾನಾಗಿ ಕೂರುವುದಿಲ್ಲ. ಡಿಸೆಂಬರ್‌ನಲ್ಲಿ ಬೆಳಕಿಗೆ ಅಡ್ಡ ಹಿಡಿದು ಫೋಟೋ ತೆಗೆದು ಹಾಕಿ. ತೆಳು ಸೂಪರ್ ಗ್ಲೂ ಹನಿಸಿ ಕ್ಲಾಂಪ್ ಹಾಕಿದರೆ ಸಾಕೋ, ಬಿಚ್ಚಲೇಬೇಕೋ ಆಗ ನೋಡೋಣ.

ಹೊನ್ನಾವರ_ಸಾಣೆ
ಆ ಕುಳಿ 1000ದ ಕಲ್ಲಿಗೆ ಹೋಗುತ್ತದೆ. ನನ್ನ ತೊಟ್ಟಿಯ ಫೋಟೋ ಬೇಕಾದವರು ಹೇಳಿ.