ಸಹಾಯ ಬೇಕು: ಫ್ಯಾಬೇಸಿ ಅಂದರೆ ಇಡೀ ಕುಟುಂಬವೋ, ಅದರ ಒಂದು ಭಾಗವೋ?

ನಮಸ್ಕಾರ. ಗಿಡಮರಗಳ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ. ಬೇಳೆಕಾಳುಗಳ ಕುಟುಂಬದ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಲೆಗ್ಯುಮಿನೋಸಿ, ಫ್ಯಾಬೇಸಿ ಎರಡೂ ಒಂದೇ ಕುಟುಂಬದ ಹೆಸರು, ಹೆಸರಿಡುವ ನಿಯಮದಲ್ಲಿ ಎರಡಕ್ಕೂ ಒಪ್ಪಿಗೆ ಇದೆ. ಇಲ್ಲಿಯವರೆಗೆ ತಕರಾರಿಲ್ಲ. ತಲೆ ಕೆಡುವುದು ಮುಂದೆ. ಕೆಲವು ಹಳೆಯ ಪುಸ್ತಕಗಳಲ್ಲಿ ಹುಣಸೆ ಸಿಸಾಲ್ಪಿನಿಯೇಸಿ ಎಂಬ ಬೇರೆ ಕುಟುಂಬ, ಮುಟ್ಟಿದರೆ ಮುನಿ ಮೈಮೋಸೇಸಿ ಎಂಬ ಇನ್ನೊಂದು ಕುಟುಂಬ. ಚಿಟ್ಟೆಯಂಥ ಹೂ ಬಿಡುವ ಬಟಾಣಿ, ಅವರೆಯಂಥವು ಮಾತ್ರ ಫ್ಯಾಬೇಸಿ. ಹೊಸದರಲ್ಲಿ ನೋಡಿದರೆ ಎಲ್ಲವೂ ಫ್ಯಾಬೇಸಿಯೇ! 2017ರ ವರ್ಗೀಕರಣದಲ್ಲಂತೂ ಕುಟುಂಬ ಒಂದು, ಉಪಕುಟುಂಬ 6. ಹುಣಸೆ ಡೆಟಾರಿಯಾಯ್ಡಿ ಉಪಕುಟುಂಬಕ್ಕೆ ಹೋಗಿದೆ, ಮುಟ್ಟಿದರೆ ಮುನಿ ಸಿಸಾಲ್ಪಿನಿಯಾಯ್ಡಿ ಉಪಕುಟುಂಬಕ್ಕೆ ಬಂದಿದೆ.

ಹೂ ನೋಡಿಯಾದರೂ ತಿಳಿಯೋಣ ಅಂತ ಹುಣಸೆ ಹೂ ಬಿಡಿಸಿದೆ. ಎದ್ದು ಕಾಣುವ ದಳ ಮೂರೇ, ಹಳದಿ ಮೇಲೆ ಕೆಂಪು ಗೆರೆ. ಬಟಾಣಿ ಹೂವಿನ ಹೋಲಿಕೆ ಸುತರಾಂ ಇಲ್ಲ. ಕಾಯಿ ನೋಡಿದರೆ ಮಾತ್ರ ನೆಂಟಸ್ತನ ಗೊತ್ತಾಗುತ್ತದೆ, ಅಲ್ವಾ?

ಗೊತ್ತಿದ್ದವರು ಹೇಳಿ: ಎಲ್ಲಾದರೂ ಸುಮ್ನೆ ‘ಫ್ಯಾಬೇಸಿ’ ಅಂತಿದ್ದರೆ, ಇಡೀ ಕುಟುಂಬ ಅಂದುಕೊಳ್ಳಬೇಕಾ, ಬಟಾಣಿ ಗುಂಪು ಮಾತ್ರವಾ? ಗೊಂದಲ ಆಗದಂತೆ ನನ್ನ ಪಟ್ಟಿಯಲ್ಲಿ ಪಕ್ಕಕ್ಕೆ ಉಪಕುಟುಂಬವನ್ನೂ ಬರೆದರೆ ಸರಿಯಾ?