ಕೈಚೀಲದೊಳಗೆ ಕುಳಿತು ಬರುವ ಕವರುಗಳನ್ನು ಬಿಡುವುದು ಹೇಗೆ?

ಪ್ರಶ್ನೆ: ವಿಜಯನಗರ, ಬೆಂಗಳೂರು

ಮಾರುಕಟ್ಟೆಗೆ ಹೊರಡುವಾಗ ಬಟ್ಟೆಯ ಕೈಚೀಲ ಒಯ್ಯುವುದು ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ರೂಢಿಯಾಗಿದೆ. ಹಾಗಾಗಿ ಪ್ಲಾಸ್ಟಿಕ್ ಚೀಲದ ಸಮಸ್ಯೆ ನಮ್ಮ ಮಟ್ಟಿಗೆ ಮುಗಿಯಿತೆಂದೇ ನಾನು ನಂಬಿದ್ದೆ. ಕಳೆದ ತಿಂಗಳು ನನ್ನ ಮಗಳು ಶಾಲೆಯ ಚಟುವಟಿಕೆಗೆಂದು, ಮನೆಗೆ ಬಂದ ಪ್ರತಿಯೊಂದು ಕವರನ್ನೂ ಎಸೆಯಗೊಡದೆ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಚೀಲವೊಂದರಲ್ಲಿ ಕೂಡಿಡುತ್ತ ಬಂದಳು. ತಿಂಗಳ ಕೊನೆಗೆ ಎಣಿಸಿದಾಗ ಅವು 74 ಇದ್ದವು. ಹಿಡಿಕೆಯಿರುವ ದೊಡ್ಡ ಚೀಲಗಳು ಅವುಗಳಲ್ಲಿ ಎರಡೇ ಎರಡು. ಉಳಿದವೆಲ್ಲ ನಮ್ಮ ಬಟ್ಟೆಯ ಚೀಲದೊಳಗೇ ಕುಳಿತು ಬಂದಂಥವು: ಟೊಮೆಟೊಗೆ ಒಂದು, ಹಸಿಮೆಣಸಿನಕಾಯಿಗೆ ಒಂದು, ಸೊಪ್ಪಿಗೆ ಒಂದು, ಚಿಲ್ಲರೆಯಾಗಿ ತಂದ ಬೇಳೆಗಳಿಗೆ ಒಂದೊಂದು, ದೋಸೆ ಹಿಟ್ಟಿಗೆ, ಪೂಜೆಯ ಹೂವಿಗೆ, ಭಾನುವಾರದ ಮೀನಿಗೆ.

ನಾಲ್ಕು ಜನರ ಮನೆಯೊಂದರಿಂದ ತಿಂಗಳಿಗೆ ಇಷ್ಟು ಹೊರಬೀಳುತ್ತಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರಲಾಗುತ್ತಿಲ್ಲ. ಒಳಗಿನ ಈ ಸಣ್ಣ ಕವರುಗಳನ್ನು ನೀವು ಹೇಗೆ ತಪ್ಪಿಸುತ್ತೀರಿ? ಒದ್ದೆಯಾದ ಪದಾರ್ಥಗಳಿಗೆ ಏನು ಮಾಡುತ್ತೀರಿ? ಕವರುಗಳು ಬರುವುದೇ ನಿಂತರೆ ಕಸದ ಬುಟ್ಟಿಗೆ ಏನು ಹಾಸುವುದು ಎಂದು ನಮ್ಮ ಅತ್ತೆಯವರು ಕೇಳುತ್ತಿದ್ದಾರೆ. ಅದಕ್ಕೂ ನನ್ನ ಬಳಿ ಉತ್ತರವಿಲ್ಲ.

ಉತ್ತರ 1: ಕುವೆಂಪುನಗರ, ಮೈಸೂರು

ನಾನು ದೇವರಾಜ ಮಾರುಕಟ್ಟೆಗೆ ಸುಮಾರು ನಲವತ್ತು ವರ್ಷಗಳಿಂದ ಹೋಗುತ್ತಿದ್ದೇನೆ. ತರಕಾರಿಯನ್ನು ಬೇರೆಬೇರೆ ಕವರುಗಳಲ್ಲಿ ಹಾಕಿಕೊಡುವ ಪದ್ಧತಿ ಮೊದಲು ಇರಲೇ ಇಲ್ಲ ಎಂಬುದನ್ನು ನೆನಪಿಸಿಕೊಂಡರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ತಕ್ಕಡಿಯ ತಟ್ಟೆಯಿಂದ ನೇರವಾಗಿ ಚೀಲದ ಬಾಯಿಗೆ ಸುರಿಸಿಕೊಳ್ಳುತ್ತಿದ್ದೆವು. ಮೊದಲು ಆಲೂಗಡ್ಡೆ, ಈರುಳ್ಳಿ, ಬೀಟ್‌ರೂಟ್, ಅವುಗಳ ಮೇಲೆ ಬೀನ್ಸ್, ಬದನೆ, ಹೀರೆಕಾಯಿ, ಕೊನೆಯಲ್ಲಿ ಟೊಮೆಟೊ, ಎಲ್ಲದರ ಮೇಲೆ ಸೊಪ್ಪು. ಕೊಳ್ಳುವ ಅನುಕ್ರಮವನ್ನೇ ಹೀಗೆ ಹೊಂದಿಸಿಕೊಂಡರೆ ಯಾವುದೂ ಜಜ್ಜಿಹೋಗುವುದಿಲ್ಲ. ಮನೆಗೆ ಬಂದು ಚೀಲವನ್ನು ಮೊರಕ್ಕೋ ಹರಿವಾಣಕ್ಕೋ ಮಗುಚಿ ಆರಿಸಿಡುವುದಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಉಳಿಸುವುದಕ್ಕಾಗಿ ನಾವು ಏಳೆಂಟು ಕವರುಗಳನ್ನು ಮನೆಗೆ ತರುತ್ತಿದ್ದೇವೆ.

ಬೇರೆಯಾಗಿಯೇ ಇಡಬೇಕಾದವುಗಳಿಗಾಗಿ ಹಳೆಯ ಮಲ್ ಪಂಚೆಯೊಂದನ್ನು ಕತ್ತರಿಸಿ ಎಂಟು ಪುಟ್ಟ ಚೀಲಗಳನ್ನು ಹೊಲಿದು, ಬಾಯಿಗೆ ಲಾಡಿ ಹಾಕಿಟ್ಟುಕೊಂಡಿದ್ದೇನೆ. ಒಂದೊಂದೂ ಇಪ್ಪತ್ತು ಗ್ರಾಂ ತೂಗುತ್ತದೆ, ಎಂಟೂ ಸೇರಿ ಒಂದು ಮುಷ್ಟಿಯಷ್ಟಾಗುತ್ತವೆ. ಬಟ್ಟೆ ತೆಳುವಾಗಿರುವುದರಿಂದ ಒಳಗೆ ಏನಿದೆಯೆಂದು ಅಂಗಡಿಯವರಿಗೂ ತಿಳಿಯುತ್ತದೆ. ಸೊಪ್ಪನ್ನು ಒದ್ದೆ ಮಾಡಿ ಹಿಂಡಿದ ಇಂಥ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ, ಪ್ಲಾಸ್ಟಿಕ್ಕಿನಲ್ಲಿ ಬೆವತು ಕೊಳೆಯುವ ಕೊತ್ತಂಬರಿ ಮೂರು ನಾಲ್ಕು ದಿನ ಹಸಿರಾಗಿಯೇ ಉಳಿಯುತ್ತದೆ.

ನಿಮ್ಮ ಅತ್ತೆಯವರ ಪ್ರಶ್ನೆಯನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ, ಏಕೆಂದರೆ ಎಷ್ಟೋ ಮನೆಗಳಲ್ಲಿ ಕವರುಗಳನ್ನು ಬೇಡವೆನ್ನದಿರುವುದಕ್ಕೆ ನಿಜವಾದ ಕಾರಣ ಅದೇ. ಹಸಿ ಕಸದ ಬುಟ್ಟಿಯ ತಳಕ್ಕೆ ಹಳೆಯ ಪತ್ರಿಕೆಯ ಒಂದೆರಡು ಹಾಳೆ ಹಾಸಿ, ಕಸವನ್ನು ನೇರವಾಗಿ ಹಾಕಿ, ದಿನವೂ ಗಾಡಿಗೆ ಸುರಿದು ಬುಟ್ಟಿಯನ್ನು ತೊಳೆದಿಡುವುದೇ ಸರಿಯಾದ ಕ್ರಮ. ಪಾತ್ರೆ ತೊಳೆದ ನೀರು ಸೋಸಿದ ಮೇಲೆಯೇ ಮುಸುರೆಯನ್ನು ಹಾಕಿದರೆ ಬುಟ್ಟಿ ಗಲೀಜಾಗುವುದೂ ಕಡಿಮೆ. ನಿಮ್ಮ ಬೆಂಗಳೂರಿನಲ್ಲಂತೂ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯಗೊಳಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ನೈರ್ಮಲ್ಯ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಕವರಿನಲ್ಲಿ ಗಂಟು ಕಟ್ಟಿ ಕೊಟ್ಟ ಹಸಿ ಕಸವನ್ನು ಗೊಬ್ಬರ ಮಾಡಬೇಕಾದರೆ ಯಾರೋ ಒಬ್ಬರು ಬರಿಗೈಯಲ್ಲಿ ಆ ಗಂಟನ್ನು ಬಿಚ್ಚಬೇಕಾಗುತ್ತದೆ.

ಉತ್ತರ 2: ಕಿರಾಣಿ ಅಂಗಡಿ, ದಾವಣಗೆರೆ

ಗಲ್ಲೆಯ ಈಚೆಗೆ ಕುಳಿತವನಾಗಿ ನಾನೂ ಕೆಲವು ಮಾತು ಹೇಳಬೇಕು. ಕವರಿಗೆ ನಾವು ದುಡ್ಡು ಕೊಡುತ್ತೇವೆ. ಅದು ನಮಗೆ ಉಚಿತವಾಗಿ ಬರುವುದಿಲ್ಲ. ಆದರೂ ಕೊಡುತ್ತಿದ್ದೆವು, ಏಕೆಂದರೆ ಸಂಜೆ ಕೆಲಸ ಮುಗಿಸಿ ಬರಿಗೈಯಲ್ಲಿ ಬರುವ ಗಿರಾಕಿಗೆ ಕವರು ಇಲ್ಲವೆಂದರೆ ಅವರು ಸಾಮಾನನ್ನು ಅಲ್ಲಿಯೇ ಬಿಟ್ಟು ಪಕ್ಕದ ಅಂಗಡಿಗೆ ನಡೆಯುತ್ತಾರೆ. ಒಂದು ಬೀದಿಯ ಅಂಗಡಿಗಳೆಲ್ಲ ಒಟ್ಟಾಗಿ ನಿಲ್ಲಿಸದಿದ್ದರೆ ನಿಲ್ಲಿಸಿದ ಒಬ್ಬನಿಗೆ ನಷ್ಟವಾಗುತ್ತದೆ. ನಮ್ಮ ಬೀದಿಯಲ್ಲಿ ಏಳು ಅಂಗಡಿಯವರು ಕೂತು ಮಾತನಾಡಿದ ಮೇಲೆಯೇ ಅದು ಸಾಧ್ಯವಾಯಿತು.

ಕಾನೂನಿನ ವಿಷಯದಲ್ಲಿ ಗೊಂದಲವಿರುವುದರಿಂದ ಒಂದಿಷ್ಟು ಬಿಡಿಸಿ ಹೇಳುತ್ತೇನೆ. ಕೇಂದ್ರದ ನಿಯಮ ಚೀಲದ ದಪ್ಪವನ್ನು ನೋಡುತ್ತದೆ: 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಎಂದು ಕನಿಷ್ಠ ದಪ್ಪವನ್ನು ಅದು ನಿಗದಿಪಡಿಸಿದೆ. ಆದರೆ ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿಯೇ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲಗಳನ್ನು ರಾಜ್ಯದಲ್ಲಿ ನಿಷೇಧಿಸಿದೆ. ಹಾಲಿನ ಪ್ಯಾಕೆಟ್ಟು, ಸಸ್ಯಕ್ಷೇತ್ರದ ಚೀಲ, ಮಾರಾಟಕ್ಕೆ ಮುಂಚೆಯೇ ಮೊಹರು ಮಾಡಿದ ಪೊಟ್ಟಣ ಇಂಥವುಗಳಿಗೆ ಮಾತ್ರ ವಿನಾಯಿತಿ. ಆದ್ದರಿಂದ ಚೀಲದ ಮೇಲೆ ಮೈಕ್ರಾನ್ ಸಂಖ್ಯೆ ಅಚ್ಚಾಗಿದೆ ಎಂದು ಯಾರಾದರೂ ತೋರಿಸಿದರೆ ಅದು ನಮ್ಮಲ್ಲಿ ಸಮರ್ಥನೆಯಾಗುವುದಿಲ್ಲ. ಇನ್ನೊಂದು ಮುಖ್ಯ ಸಂಗತಿಯೆಂದರೆ, ಬಟ್ಟೆಯಂತೆ ಕಾಣುವ, ಬಣ್ಣಬಣ್ಣದ ನಾನ್-ವೋವನ್ ಚೀಲಗಳು ಬಟ್ಟೆಯಲ್ಲ, ಅವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು. ಅಂಚಿನ ಒಂದು ಎಳೆಗೆ ಬೆಂಕಿ ತಗುಲಿಸಿದರೆ ಹತ್ತಿಯಂತೆ ಬೂದಿಯಾಗದೆ ಕರಗಿ ಗುಂಡಾಗುತ್ತದೆ. ಮದುವೆ ಮನೆಯ ತಾಂಬೂಲದ ಚೀಲಗಳಾಗಿ ಇವು ಮನೆಮನೆಗೂ ಸೇರಿವೆ. ನಾನೂ ಬಹಳ ಕಾಲ ಅದನ್ನು ಬಟ್ಟೆಯೆಂದೇ ತಿಳಿದು ಮಾರಿದ್ದೇನೆ.

ಬೇಳೆಕಾಳಿಗೆ ನಿಮ್ಮದೇ ಡಬ್ಬಿ ತನ್ನಿ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಖಾಲಿ ಡಬ್ಬಿಯಿಟ್ಟು ಟೇರ್ ಗುಂಡಿ ಒತ್ತಿದರೆ ತೂಕ ಸೊನ್ನೆಗೆ ಬರುತ್ತದೆ, ಆಮೇಲೆ ಬೇಳೆ ಸುರಿದರಾಯಿತು. ಜನಜಂಗುಳಿಯ ಹೊತ್ತಿನಲ್ಲಿ ಅಂಗಡಿಯವರು ಇದಕ್ಕೆ ಹಿಂಜರಿಯುತ್ತಾರೆ. ಆಗ ಡಬ್ಬಿಯ ತಳದಲ್ಲಿ ಅದರ ತೂಕವನ್ನು ಅಳಿಸದ ಶಾಯಿಯಲ್ಲಿ ಬರೆದಿಟ್ಟಿದ್ದರೆ ಕೆಲಸ ಬೇಗ ಆಗುತ್ತದೆ. ಮೈಸೂರಿನವರು ಹೇಳಿದ ಇಪ್ಪತ್ತು ಗ್ರಾಂ ಚೀಲವಾದರೆ, ಕಿಲೋಗೆ 160 ರೂಪಾಯಿಯ ಬೇಳೆಯಲ್ಲಿ ಅದರ ತೂಕ ಮೂರು ರೂಪಾಯಿ ಚಿಲ್ಲರೆಯಾಗುತ್ತದೆ. ಅದನ್ನು ಕಳೆದು ಕೊಡುವುದು ಅಂಗಡಿಯವನ ಕರ್ತವ್ಯ, ಕೇಳಲು ಸಂಕೋಚ ಬೇಡ.

ನಮ್ಮ ತಂದೆಯವರ ಕಾಲದಲ್ಲಿ ಗಲ್ಲೆಯ ಮೇಲಿಂದ ನೂಲಿನ ಉಂಡೆಯ ಎಳೆ ಇಳಿಬಿದ್ದಿರುತ್ತಿತ್ತು. ಪತ್ರಿಕೆಯ ಹಾಳೆಯನ್ನು ಅವರು ಒಂದೇ ಕೈಯಲ್ಲಿ ಸುರುಳಿ ಮಾಡಿ ಸಕ್ಕರೆ ತುಂಬಿ ಪೊಟ್ಟಣ ಕಟ್ಟುತ್ತಿದ್ದ ವೇಗ ನನಗೆ ಇಂದಿಗೂ ಬಂದಿಲ್ಲ. ಆದರೆ ಮುದ್ರಣದ ಶಾಯಿ ಆಹಾರಕ್ಕೆ ತಾಗಬಾರದೆಂಬ ಕಾರಣಕ್ಕೆ ನಾವೀಗ ಅಚ್ಚಿಲ್ಲದ ಖಾಕಿ ಕಾಗದದ ಪೊಟ್ಟಣಗಳನ್ನು ಬಳಸುತ್ತೇವೆ. ಬೆಲ್ಲ, ಹುಣಸೆಹಣ್ಣು ಮಳೆಗಾಲದಲ್ಲಿ ಕಾಗದಕ್ಕೆ ಅಂಟಿಕೊಳ್ಳುತ್ತವೆ, ಅವುಗಳಿಗೆ ಡಬ್ಬಿಯೇ ಆಗಬೇಕು.

ಉತ್ತರ 3: ಪಶುವೈದ್ಯರು, ಮಂಡ್ಯ ಜಿಲ್ಲೆ

ಈ 74 ಕವರುಗಳು ಆಮೇಲೆ ಎಲ್ಲಿಗೆ ಹೋಗುತ್ತವೆ ಎಂಬುದನ್ನು ಬಲ್ಲವರಲ್ಲಿ ನಾನೂ ಒಬ್ಬ. ಮೇಕೆ ತುಟಿಯಿಂದ ಆರಿಸಿ ತಿನ್ನುತ್ತದೆ. ಹಸು ನಾಲಗೆಯನ್ನು ಸುತ್ತಿ ಬಾಚಿಕೊಂಡು, ಹೆಚ್ಚು ಅಗಿಯದೆ ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಅನ್ನ ಸಾರಿನ ವಾಸನೆಯಿರುವ, ಗಂಟು ಕಟ್ಟಿದ ಕವರನ್ನು ಬಿಚ್ಚಿ ತಿನ್ನಲು ಅದಕ್ಕೆ ಬರುವುದಿಲ್ಲ, ಕವರಿನ ಸಮೇತ ನುಂಗುತ್ತದೆ. ನುಂಗಿದ ಪ್ಲಾಸ್ಟಿಕ್ಕು ಮೊದಲನೆಯ ಹೊಟ್ಟೆಯಾದ ರೂಮೆನ್‌ನಲ್ಲಿಯೇ ಉಳಿದು, ಹಗ್ಗದ ಚೂರು, ನಾರುಗಳೊಂದಿಗೆ ಹೆಣೆದುಕೊಂಡು ವರ್ಷಗಟ್ಟಲೆ ಬೆಳೆಯುತ್ತ ಹೋಗುತ್ತದೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ, ಹೊಟ್ಟೆಯುಬ್ಬರದಿಂದ ನರಳುತ್ತದೆ, ಹಾಲು ಇಳಿಯುತ್ತದೆ. ಎಡಪಕ್ಕೆಯನ್ನು ಮರಗಟ್ಟಿಸಿ, ನಿಂತಿರುವಂತೆಯೇ ಕುಯ್ದು, ಕೈಯಿಂದ ಅದನ್ನು ಎಳೆದು ತೆಗೆಯಬೇಕಾಗುತ್ತದೆ. ಒಂದೇ ಹಸುವಿನಿಂದ ಹತ್ತಾರು ಕಿಲೋ ಹೊರಬಂದ ಪ್ರಸಂಗಗಳಿವೆ. ತಡವಾಗಿ ಬಂದ ಹಸುಗಳನ್ನು ನಾನು ಉಳಿಸಿಕೊಳ್ಳಲಾಗಿಲ್ಲ, ಆ ಮನೆಯವರ ಮುಖಗಳು ನನಗೆ ಮರೆತಿಲ್ಲ.

ಮನೆಯಲ್ಲಿ ಈಗಾಗಲೇ ಇರುವ ಕವರುಗಳಿಗೆ ದಯವಿಟ್ಟು ಎಂಜಲು ತುಂಬಿ ಗಂಟು ಹಾಕಬೇಡಿ. ತೊಳೆದು ಒಣಗಿಸಿ ಒಣ ಕಸಕ್ಕೆ ಕೊಡಿ. ಹಾಲಿನ ಪ್ಯಾಕೆಟ್ಟನ್ನು ಕತ್ತರಿಸುವಾಗ ಮೂಲೆಯ ಚೂರು ಪ್ಯಾಕೆಟ್ಟಿನಿಂದ ಬೇರ್ಪಡದಂತೆ ಕತ್ತರಿಸಿ. ತೊಳೆದ ಪ್ಯಾಕೆಟ್ಟನ್ನು ಗುಜರಿಯವರು ಕೊಳ್ಳುತ್ತಾರೆ, ಆ ಮುಕ್ಕೋನದ ಚೂರನ್ನು ಮಾತ್ರ ಯಾರೂ ಹೆಕ್ಕುವುದಿಲ್ಲ.

ಉತ್ತರ 4: ಡಬ್ಲಿನ್, ಐರ್ಲೆಂಡ್ (ಮೂಲತಃ ಹಾಸನ)

ಈ ದೇಶದಲ್ಲಿ 2002ರ ಮಾರ್ಚ್‌ನಲ್ಲಿ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿದರು. ಅದನ್ನು ಅಂಗಡಿ ತಾನೇ ಭರಿಸದೆ ಗಿರಾಕಿಯಿಂದಲೇ ವಸೂಲು ಮಾಡಬೇಕಾಗಿತ್ತು. ತಲೆಗೆ ವರ್ಷಕ್ಕೆ ಸುಮಾರು 328 ಇದ್ದ ಚೀಲಗಳ ಬಳಕೆ 21ಕ್ಕೆ ಇಳಿಯಿತು. 2007ರಲ್ಲಿ ತೆರಿಗೆಯನ್ನು 22 ಸೆಂಟಿಗೆ ಏರಿಸಿದರು. ಆದರೆ ಬಿಡಿ ಹಣ್ಣು, ತರಕಾರಿ, ಮೀನು, ಮಾಂಸ ಹಾಕುವ ಸಣ್ಣ ಕವರುಗಳಿಗೆ ಇಲ್ಲಿಯೂ ವಿನಾಯಿತಿ ಇದೆ. ಪ್ರಶ್ನೆ ಕೇಳಿದವರು ಬೆರಳಿಟ್ಟು ತೋರಿಸಿರುವ ಜಾಗವನ್ನು ಈ ತೆರಿಗೆಯೂ ಮುಟ್ಟಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕೆನಿಸುತ್ತದೆ. ಹೊಸ ಹತ್ತಿಯ ಚೀಲಗಳನ್ನು ಕೊಂಡು ರಾಶಿ ಹಾಕಬೇಡಿ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಭೂಮಿಯ ಬಿಸಿಗೆ ಕಡಿಮೆ ಕಾರಣವಾಗಬೇಕಾದರೆ ಕಾಗದದ ಚೀಲವನ್ನು 3 ಸಲ, ನಾನ್-ವೋವನ್ ಚೀಲವನ್ನು 11 ಸಲ, ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ವಾರಕ್ಕೆ ಎರಡು ಸಲ ಒಯ್ದರೂ 131 ಸಲವೆಂದರೆ ಒಂದೂಕಾಲು ವರ್ಷವಾಗುತ್ತದೆ. ಈ ಲೆಕ್ಕ ಹವಾಮಾನವನ್ನು ಮಾತ್ರ ಹಿಡಿದದ್ದು. ಪಶುವೈದ್ಯರು ಹೇಳಿದ ಸಂಕಟ ಅದರಲ್ಲಿ ಸೇರಿಲ್ಲ, ಹಾಗಾಗಿ ಅದನ್ನು ಪ್ಲಾಸ್ಟಿಕ್ಕಿನ ಪರವಾದ ವಾದವೆಂದು ಯಾರೂ ಓದಬಾರದು. ನನ್ನ ಅಭಿಪ್ರಾಯದಲ್ಲಿ ಅದು ಹಳೆಯ ಪಂಚೆಯ ಪರವಾದ ವಾದ. ಈಗಾಗಲೇ ನೇಯ್ದು, ಉಟ್ಟು, ಸವೆದ ಬಟ್ಟೆಯಿಂದ ಹೊಲಿದ ಚೀಲಕ್ಕೆ ಹೊಸದಾಗಿ ಹತ್ತಿ ಬೆಳೆಯಬೇಕಾಗಿಲ್ಲ.

ಉತ್ತರ 5: ಕುಂದಾಪುರ

ಮೀನಿನ ಬಗ್ಗೆ ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ. ಬಿಗಿಯಾದ ಮುಚ್ಚಳವಿರುವ, ನಾಲ್ಕೂ ಪಕ್ಕ ಕೊಕ್ಕೆ ಹಾಕುವ ಸ್ಟೀಲ್ ಡಬ್ಬಿಯನ್ನು ಒಯ್ಯಿರಿ. ಮನೆಯಿಂದ ಹೊರಡುವಾಗಲೇ ತಳಕ್ಕೆ ಬಾಳೆಲೆಯ ತುಂಡೊಂದನ್ನು ಹಾಸಿದ್ದರೆ ವಾಸನೆ ಡಬ್ಬಿಗೆ ಅಷ್ಟಾಗಿ ಹಿಡಿಯುವುದಿಲ್ಲ. ತೂಗುವುದಕ್ಕೆ ಮೊದಲೇ ಡಬ್ಬಿಯನ್ನು ಮೀನು ಮಾರುವವರ ಕೈಗೆ ಕೊಟ್ಟುಬಿಡಿ. ತುಂಡು ಮಾಡಿ ಕವರಿಗೆ ಹಾಕಿದ ಮೇಲೆ ಡಬ್ಬಿ ಚಾಚಿದರೆ ಆ ಕವರು ಅಲ್ಲಿಯೇ ಕಸವಾಗುತ್ತದೆ, ಪ್ರಯೋಜನವಿಲ್ಲ. ಹಿಂದೆ ಮೀನು ಮಾಂಸಗಳನ್ನು ತೇಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದರು. ನಮ್ಮಲ್ಲಿ ಮಲ್ಲಿಗೆ ಇಂದಿಗೂ ಬಾಳೆಲೆಯಲ್ಲಿಯೇ ಬರುತ್ತದೆ. ನಿಮ್ಮ ಹೂವಿನವರನ್ನೂ ಕೇಳಿ ನೋಡಿ. ದೋಸೆ ಹಿಟ್ಟಿಗೆ ಮಾತ್ರ ಮನೆಯಲ್ಲಿ ರುಬ್ಬುವುದು ಅಥವಾ ತೂಕುಪಾತ್ರೆ ಒಯ್ಯುವುದು, ಬೇರೆ ದಾರಿ ನನಗೆ ಕಂಡಿಲ್ಲ.

ಪ್ರಶ್ನೆ ಕೇಳಿದವರಿಂದ, ನಾಲ್ಕು ವಾರಗಳ ನಂತರ

ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆಗಳು. ಈ ತಿಂಗಳು ಮಗಳ ಚೀಲದಲ್ಲಿ 21 ಕವರುಗಳಿವೆ. ತರಕಾರಿಯಿಂದ ಬಂದವು ಮೂರು ಮಾತ್ರ, ಅವೂ ನಾನು ಕಚೇರಿಯಿಂದ ನೇರವಾಗಿ ಹೋದ ದಿನದವು; ಆಮೇಲೆ ಪುಟ್ಟ ಚೀಲಗಳಲ್ಲಿ ಎರಡನ್ನು ಕಚೇರಿಯ ಚೀಲದಲ್ಲಿಯೇ ಇಟ್ಟುಕೊಂಡಿದ್ದೇನೆ. ಹೂವಿನಜ್ಜಿ ಮೊದಲ ದಿನವೇ ಒಪ್ಪಿ, ಎರಡು ಮೊಳ ಮಲ್ಲಿಗೆಯನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿ ದಾರ ಕಟ್ಟಿ ಕೊಟ್ಟರು. ನಮ್ಮ ಅತ್ತೆಯವರು ಪಶುವೈದ್ಯರ ಪತ್ರವನ್ನು ಓದಿಸಿಕೊಂಡ ಮೇಲೆ ಮತ್ತೇನೂ ಕೇಳಲಿಲ್ಲ; ತಮ್ಮ ಎರಡು ಹಳೆಯ ಹತ್ತಿ ಸೀರೆಗಳನ್ನು ತಾವೇ ತೆಗೆದುಕೊಟ್ಟರು. ಅವುಗಳಿಂದ ಹದಿನಾರು ಚೀಲಗಳಾದವು, ಆರನ್ನು ಕೆಳಗಿನ ಮನೆಯವರಿಗೆ ಕೊಟ್ಟೆವು.

ಉಳಿದ ಹದಿನೆಂಟರಲ್ಲಿ ಹೆಚ್ಚಿನವು ಮನೆಗೆ ತರಿಸಿಕೊಂಡ ದಿನಸಿಯೊಂದಿಗೆ ಬಂದಂಥವು. ಆ ಸಾಮಾನುಗಳನ್ನು ಇನ್ನು ಮೇಲೆ ಬೀದಿಯ ತಿರುವಿನ ಅಂಗಡಿಯಿಂದಲೇ ತರುವುದೆಂದು ನಿಶ್ಚಯಿಸಿ, ನಾಲ್ಕು ಡಬ್ಬಿಗಳನ್ನು ತೂಗಿಸಿ ತಳದಲ್ಲಿ ತೂಕ ಬರೆದಿಟ್ಟಿದ್ದೇನೆ. ಅತಿ ದೊಡ್ಡದು 310 ಗ್ರಾಂ ಇದೆ. ಅಂಗಡಿಯವರು ಅದನ್ನು ಎರಡು ಸಲ ತೂಗಿ ನೋಡಿ, ಸರಿಯಾಗಿದೆ ಎಂದರು.