ಹಸಿವು ತಗ್ಗಿಸುವ ಹೂಡಿಯಾ ಕ್ಯಾಪ್ಸೂಲ್ ನಂಬಬಹುದೇ?

ಪ್ರಶ್ನೆ (ಚಿತ್ರದುರ್ಗದಿಂದ)

ನಮಸ್ಕಾರ. ನನ್ನ ಅತ್ತಿಗೆಯವರು ಮಧುಮೇಹಕ್ಕೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆಯನ್ನೂ, ರಕ್ತದೊತ್ತಡಕ್ಕೆ ಇನ್ನೊಂದು ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ತೂಕ ಇಳಿಸಬೇಕೆಂದು ವೈದ್ಯರು ಹೇಳಿದ ಮೇಲೆ, ಮೊಬೈಲಿನಲ್ಲಿ ಕಂಡ ಜಾಹೀರಾತನ್ನು ನೆಚ್ಚಿ, ಆಫ್ರಿಕಾದ ಕಲಹರಿ ಮರುಭೂಮಿಯ ‘ಹೂಡಿಯಾ’ ಗಿಡದ ಕ್ಯಾಪ್ಸೂಲ್ ತರಿಸಲು ಹೊರಟಿದ್ದಾರೆ. ಅಲ್ಲಿನ ಬೇಟೆಗಾರರು ಇದನ್ನು ಅಗಿದು ದಿನವಿಡೀ ಹಸಿವಿಲ್ಲದೆ ಇರುತ್ತಾರಂತೆ. ಗಿಡಮೂಲಿಕೆಯಾದ್ದರಿಂದ ಅಡ್ಡಪರಿಣಾಮವೂ ಇಲ್ಲವಂತೆ. ಇದರ ನಡುವೆ, ಅಂಥದ್ದೇ ಗಿಡ ನಮ್ಮ ಜೋಗಿಮಟ್ಟಿಯ ಬಂಡೆಗಳ ಸಂದಿಯಲ್ಲೂ ಬೆಳೆಯುತ್ತದೆ, ದುಡ್ಡು ಏಕೆ ಸುರಿಯುತ್ತೀರಿ ಎಂದು ನೆರೆಯವರೊಬ್ಬರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಸಸ್ಯಶಾಸ್ತ್ರ ಅಧ್ಯಾಪಕ, ದಾವಣಗೆರೆ)

ಗಿಡವೂ ನಿಜ, ಬೇಟೆಗಾರರ ಬಳಕೆಯೂ ನಿಜ. ಆದರೆ ಜಾಹೀರಾತು ಕಥೆಯನ್ನು ತನಗೆ ಅನುಕೂಲವಾದ ಕಡೆ ನಿಲ್ಲಿಸಿಬಿಟ್ಟಿದೆ.

ಹೂಡಿಯಾ ಗೋರ್ಡೋನೈ ನೋಡಲು ಪಾಪಾಸುಕಳ್ಳಿಯಂತಿದ್ದರೂ ಸೇರುವುದು ನಮ್ಮ ಎಕ್ಕದ ಕುಟುಂಬಕ್ಕೆ. ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಒಣನೆಲದಲ್ಲಿ ಬೆಳೆಯುವ ಇದರ ಹಸಿ ಕಾಂಡವನ್ನು ಸಾನ್ ಜನರು ಹಸಿವು, ಬಾಯಾರಿಕೆ ತಡೆಯಲು ಅಗಿಯುತ್ತಿದ್ದರು. ಅಲ್ಲಿನ ಸರ್ಕಾರಿ ಸಂಶೋಧನಾ ಮಂಡಳಿಯು ಇದರಿಂದ ‘ಪಿ57’ ಎಂಬ ಅಂಶವನ್ನು ಬೇರ್ಪಡಿಸಿ, ಆ ಜನರನ್ನು ಒಂದು ಮಾತೂ ಕೇಳದೆ ಪೇಟೆಂಟ್ ಮಾಡಿಸಿತು. ದೊಡ್ಡ ಗದ್ದಲವಾದ ಮೇಲೆ, 2003ರಲ್ಲಿ, ಲಾಭದಲ್ಲಿ ಅವರಿಗೂ ಪಾಲು ಕೊಡುವ ಒಪ್ಪಂದವಾಯಿತು. ಆದರೆ ಹಂಚಲು ಲಾಭವೇ ಹೆಚ್ಚು ಹುಟ್ಟಲಿಲ್ಲ ಎಂಬುದು ಬೇರೆ ಮಾತು. ಪಿ57ರಿಂದ ಔಷಧ ತಯಾರಿಸಲು ಮುಂದಾಗಿದ್ದ ಫೈಜರ್ ಕಂಪನಿ ಅದೇ ವರ್ಷ ಕೈಬಿಟ್ಟಿತು. ಅನಂತರ ಬಂದ ಯೂನಿಲಿವರ್ ಕೂಡ 2008ರಲ್ಲಿ ಹಿಂದೆ ಸರಿಯಿತು.

ಯೂನಿಲಿವರ್ ನಡೆಸಿದ್ದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ ಆರೋಗ್ಯವಂತ ಮಹಿಳೆಯರಿಗೆ 15 ದಿನ ಶುದ್ಧೀಕರಿಸಿದ ಸಾರವನ್ನು ಕೊಟ್ಟಾಗ, ಔಷಧವಿಲ್ಲದ ಹುಸಿ ಆಹಾರ ಸೇವಿಸಿದವರಿಗಿಂತ ಅವರು ಕಡಿಮೆ ಉಣ್ಣಲೂ ಇಲ್ಲ, ಅವರ ತೂಕ ಹೆಚ್ಚು ಇಳಿಯಲೂ ಇಲ್ಲ. ಬದಲಿಗೆ ವಾಕರಿಕೆ, ವಾಂತಿ, ಚರ್ಮದಲ್ಲಿ ವಿಚಿತ್ರ ಸಂವೇದನೆ ಕಾಣಿಸಿಕೊಂಡವು. ರಕ್ತದೊತ್ತಡ ಮತ್ತು ನಾಡಿಬಡಿತ ಏರಿದವು. ಕೋಟಿಗಟ್ಟಲೆ ಹಣ ಹೂಡಿದ ಕಂಪನಿಯೇ ತನ್ನ ಸಾರದಿಂದ ಪಡೆಯಲಾಗದ ಫಲವನ್ನು ಊರುಪೇರಿಲ್ಲದ ಡಬ್ಬಿಯೊಂದು ಕೊಡುತ್ತದೆಂದು ನಂಬುವುದು ಹೇಗೆ? ಅಲ್ಲದೆ ಹೂಡಿಯಾ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿರುವ ಸಸ್ಯ. ಪರವಾನಗಿಯಿಲ್ಲದೆ ಅದನ್ನು ಗಡಿ ದಾಟಿಸುವಂತಿಲ್ಲ. ಹಾಗಾಗಿ ಅಗ್ಗದ ಕ್ಯಾಪ್ಸೂಲಿನೊಳಗೆ ಆ ಗಿಡ ಇದೆಯೇ ಎಂಬುದೇ ಮೊದಲ ಅನುಮಾನ.

ಉತ್ತರ 2 (ಚಳ್ಳಕೆರೆಯಿಂದ)

ನಿಮ್ಮ ನೆರೆಯವರು ಹೇಳುತ್ತಿರುವುದು ಕರಲುಮಾ ಗಿಡವಿರಬೇಕು. ಬೆರಳು ದಪ್ಪದ, ಎಲೆಯಿಲ್ಲದ, ಮೂಲೆಮೂಲೆಯಾದ ಕಾಂಡ. ಹೂಡಿಯಾದ ಹತ್ತಿರದ ಸಂಬಂಧಿ. ನಮ್ಮ ಕಡೆ ಕುರಿ ಕಾಯುವವರು ಇದನ್ನು ಕಿತ್ತು ಅಗಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಗುರುತು ತಿಳಿಯದವರು ಬೇಲಿಯ ಕಳ್ಳಿಯನ್ನು ಮುರಿದು ತಂದಾರು. ಮುರಿದಾಗ ಬಿಳಿ ಹಾಲು ಸುರಿದರೆ ಅದು ಕರಲುಮಾ ಅಲ್ಲ. ಆ ಹಾಲು ಕಣ್ಣಿಗೂ ಬಾಯಿಗೂ ಕೆಟ್ಟದ್ದು. ಜೋಗಿಮಟ್ಟಿ ವನ್ಯಜೀವಿಧಾಮವಾದ್ದರಿಂದ ಅಲ್ಲಿಂದ ಗಿಡ ಕಿತ್ತು ತರುವುದು ಅಪರಾಧವೂ ಹೌದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಹಾಗಾದರೆ ಕರಲುಮಾದ ಕ್ಯಾಪ್ಸೂಲಾದರೂ ಕೊಡಬಹುದೇ? ಅದರ ಮೇಲೆ ಬೆಂಗಳೂರಿನಲ್ಲೇ ಸಂಶೋಧನೆ ನಡೆದಿದೆ ಎಂದು ಅಂಗಡಿಯವರು ಹೇಳಿದರು.

ಉತ್ತರ 3 (ಔಷಧ ವಿತರಕಿ, ದಾವಣಗೆರೆ)

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು 50 ಮಂದಿಯ ಮೇಲೆ 60 ದಿನ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಗಿದೆ. ದಿನಕ್ಕೆ 1 ಗ್ರಾಂ ಸಾರ ತೆಗೆದುಕೊಂಡವರಲ್ಲಿ ಹಸಿವೂ ಸೊಂಟದ ಸುತ್ತಳತೆಯೂ ತಗ್ಗಿದವು. ಆದರೆ ದೇಹದ ತೂಕದಲ್ಲಿ ಅವರಿಗೂ ಔಷಧವಿಲ್ಲದ ಹುಸಿ ಕ್ಯಾಪ್ಸೂಲ್ ತೆಗೆದುಕೊಂಡವರಿಗೂ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಾರುವವರು ಮೊದಲ ಭಾಗವನ್ನಷ್ಟೇ ಓದಿ ಹೇಳುತ್ತಾರೆ.

ನನ್ನ ಚಿಂತೆ ಬೇರೆಯದು. ಹೊಟ್ಟೆಯಲ್ಲಿ ಅನ್ನವಿರಲಿ, ಇಲ್ಲದಿರಲಿ, ಗ್ಲಿಮೆಪಿರೈಡ್ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಹಸಿವಿಲ್ಲವೆಂದು ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಅಂಶ ತಟ್ಟನೆ ಕುಸಿದು, ಬೆವರು, ನಡುಕ, ತಲೆಸುತ್ತು ಬಂದು, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಎಂದರೆ ಕ್ಯಾಪ್ಸೂಲ್ ಕೆಲಸ ಮಾಡದಿದ್ದರೆ ದುಡ್ಡು ದಂಡ, ಕೆಲಸ ಮಾಡಿದರೆ ನಿಮ್ಮ ಅತ್ತಿಗೆಯವರಿಗೆ ಅದೇ ಅಪಾಯ. ಹೂಡಿಯಾವಂತೂ ರಕ್ತದೊತ್ತಡ ಇರುವವರಿಗೆ ಬೇಡವೇ ಬೇಡ.

ಇನ್ನೊಂದು ಸಂಗತಿಯನ್ನು ಅವರು ವೈದ್ಯರ ಬಳಿ ಕೇಳಲಿ. ಗ್ಲಿಮೆಪಿರೈಡ್ ಗುಂಪಿನ ಔಷಧಗಳಿಂದ ಕೆಲವರಲ್ಲಿ ತೂಕ ಸ್ವಲ್ಪ ಏರುವುದುಂಟು. ತೂಕ ಹೆಚ್ಚಿಸದ ಬದಲಿ ಔಷಧಗಳೂ ಇವೆ. ಅವರ ಸಕ್ಕರೆಯ ಪ್ರಮಾಣ, ಮೂತ್ರಪಿಂಡದ ಸ್ಥಿತಿ ನೋಡಿ ಬದಲಿಸಬಹುದೇ ಎಂದು ವೈದ್ಯರೇ ತೀರ್ಮಾನಿಸಬೇಕು. ಅಲ್ಲಿಯವರೆಗೆ ಈಗಿನ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ.